ಕೀಮನ್ ಆಗಿದ್ದ ಅಪ್ಪನನ್ನು ಲಂಡನ್‌ನಿಂದ ಪ್ಯಾರಿಸ್‌ಗೆ ರೈಲಿನಲ್ಲಿ ಕರೆದೊಯ್ಯಬೇಕು, ಹೋಗಿ ಬಂದವರು ಹೇಳಿ

ಕೇಶ್ವಾಪುರದ ಮಗಳು

ಎಲ್ಲರಿಗೂ ನಮಸ್ಕಾರ. ನಾನು ಹುಬ್ಬಳ್ಳಿಯವಳು, ಲಂಡನ್ನಿಗೆ ಬಂದು ನಾಲ್ಕು ವರ್ಷವಾಯಿತು. ಈ ಬೇಸಿಗೆಯಲ್ಲಿ ಅಪ್ಪ, ಅವ್ವ ಮೊದಲ ಸಲ ಬರುತ್ತಿದ್ದಾರೆ. ಅವ್ವನ ಪಟ್ಟಿ ಉದ್ದ ಇದೆ. ಅಪ್ಪ ಕೇಳಿದ್ದು ಒಂದೇ, ಇಂಗ್ಲಿಷ್ ಕಡಲ್ಗಾಲುವೆಯ ಕೆಳಗಿನ ಸುರಂಗದಲ್ಲಿ ಪ್ಯಾರಿಸ್ಸಿಗೆ ಹೋಗುವ ಯೂರೋಸ್ಟಾರ್ ರೈಲು: "ಸಮುದ್ರದ ಬುಡಕ ಹೋಗೋ ಗಾಡಿ ಐತಲ್ಲ, ಅದರಾಗ ಒಮ್ಮೆ ಕುಂದ್ರಸವ್ವ."

ಅಪ್ಪ ರೈಲ್ವೆಯಲ್ಲಿ ಕೀಮನ್ ಆಗಿದ್ದವರು. ಮುಗದ, ಅಳ್ನಾವರ ಕಡೆ ದಿನಾ ಬೆಳಗ್ಗೆ ಹೆಗಲ ಮೇಲೆ ಸುತ್ತಿಗೆ, ಸ್ಪ್ಯಾನರ್, ಕೆಂಪು ಬಾವುಟ ಹೊತ್ತು ತಮ್ಮ ಪಾಲಿನ ಹಳಿ ನಡೆದು ನೋಡಿ ಬರುತ್ತಿದ್ದರು. ಸಡಿಲಾದ ಕೀಲಿ ಬಿಗಿ ಮಾಡುವುದು, ಹಳಿ ತುಂಡುಗಳನ್ನು ಜೋಡಿಸುವ ಫಿಶ್‌ಪ್ಲೇಟಿನ ಬೋಲ್ಟು ನೋಡುವುದು, ಮಳೆಗಾಲದಲ್ಲಿ ರಾತ್ರಿ ಗಸ್ತು. ರೈಲ್ವೆಯಲ್ಲಿ ಆಯುಷ್ಯ ಕಳೆದರೂ ಆರಾಮಾಗಿ ಕಿಟಕಿ ಪಕ್ಕ ಕೂತು ಪ್ರಯಾಣ ಮಾಡಿದ್ದು ಕಡಿಮೆ. ಅದಕ್ಕೇ ಇದನ್ನು ಚೆನ್ನಾಗಿ ಮಾಡಬೇಕು ಅಂತ ಆಸೆ.

ನನ್ನ ಪ್ರಶ್ನೆಗಳು: ಅವರಿಬ್ಬರಿಗೆ ಬ್ರಿಟನ್ನಿನ ವೀಸಾ ಆಗಿದೆ, ಫ್ರಾನ್ಸಿಗೆ ಬೇರೆ ಬೇಕಾ? ಇಲ್ಲಿಗೆ ಬಂದ ಮೇಲೆ ಮಾಡಿಸಬಹುದಾ? ಅವ್ವನಿಗೆ ಮೊಣಕಾಲು ನೋವು, ತುಂಬಾ ನಡೆಯಬೇಕಾ? ಊಟ ಒಯ್ಯಬಹುದಾ? ಸುರಂಗದಲ್ಲಿ ಏನಾದರೂ ಕಾಣುತ್ತದಾ?

ತುಂಗಾತೀರ

ತಂಗೀ, ಮೊದಲು ವೀಸಾ ವಿಷಯ. ಉಳಿದಿದ್ದೆಲ್ಲ ಆಮೇಲೆ.

ಫ್ರಾನ್ಸಿಗೆ ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ವೀಸಾ) ಬೇಕೇ ಬೇಕು. ಬ್ರಿಟನ್ ಷೆಂಗೆನ್‌ನಲ್ಲಿ ಇಲ್ಲ. ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಬ್ರಿಟನ್ ವೀಸಾ ಫ್ರಾನ್ಸಿಗೆ ನಡೆಯುವುದಿಲ್ಲ. ನೀವು ಇಲ್ಲೇ ಕೆಲಸ ಮಾಡುತ್ತಿರುವವರು, ನಿಮ್ಮ ಷೆಂಗೆನ್ ಅರ್ಜಿ ಲಂಡನ್ನಿನಲ್ಲೇ ಹಾಕಬಹುದು. ನಿಮ್ಮ ತಂದೆ ತಾಯಿಯದು ಹಾಗಲ್ಲ. ಅವರು ಸಂದರ್ಶಕರಾಗಿ ಬರುವವರು, ಇಲ್ಲಿನ ನಿವಾಸಿಗಳಲ್ಲ. ಷೆಂಗೆನ್ ಅರ್ಜಿಯನ್ನು ತಾವು ವಾಸವಿರುವ ದೇಶದಲ್ಲೇ ಹಾಕಬೇಕು. ಆದ್ದರಿಂದ ಅವರು ಬೆಂಗಳೂರಿನಲ್ಲಿ ವಿಮಾನ ಹತ್ತುವ ಮುಂಚೆಯೇ ಆ ವೀಸಾ ಕೈಯಲ್ಲಿರಬೇಕು. ಬಂದ ಮೇಲೆ ನೋಡೋಣ ಅಂದುಕೊಂಡು ಇಲ್ಲಿ ತಲೆ ಮೇಲೆ ಕೈ ಹೊತ್ತು ಕೂತವರನ್ನು ನಾನು ಪ್ರತಿ ಬೇಸಿಗೆಯಲ್ಲೂ ನೋಡುತ್ತೇನೆ.

ಪ್ರಯಾಣ ವಿಮೆಯೂ ಬೇಕು, ಕನಿಷ್ಠ 30,000 ಯೂರೋ ವೈದ್ಯಕೀಯ ರಕ್ಷಣೆ ಇರುವಂಥದ್ದು. ಹಾಗೆಯೇ ನಿಮ್ಮ ಹಳೆಯ ನಿವಾಸ ಕಾರ್ಡ್ ಈಗ ಲೆಕ್ಕಕ್ಕಿಲ್ಲ, ಎಲ್ಲ ಇ-ವೀಸಾ, ಅಂದರೆ ಆನ್‌ಲೈನ್ ಖಾತೆಯಲ್ಲಿನ ದಾಖಲೆ ಆಗಿದೆ. ನಿಮ್ಮ ಈಗಿನ ಪಾಸ್‌ಪೋರ್ಟ್ ಆ ಖಾತೆಗೆ ಜೋಡಣೆಯಾಗಿದೆಯಾ ಅಂತ ಹೋಗುವ ಮುಂಚೆ ನೋಡಿಕೊಳ್ಳಿ. ವಾಪಸ್ ಬರುವಾಗ ಪ್ಯಾರಿಸ್ ನಿಲ್ದಾಣದಲ್ಲೇ ಬ್ರಿಟಿಷ್ ಅಧಿಕಾರಿಗಳು ಅದನ್ನು ಪರೀಕ್ಷಿಸುತ್ತಾರೆ.

ದಾವಣಗೆರೆ ಬೆಣ್ಣೆ

ತುಂಗಾತೀರ ಅಣ್ಣ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ನಮ್ಮ ಚಿಕ್ಕಪ್ಪ, ಚಿಕ್ಕಮ್ಮನಿಗೆ ಆಗಿದ್ದು ಇದು. ಅವರು ಬೆಂಗಳೂರಿನಿಂದ ಪ್ಯಾರಿಸ್‌ಗೆ ಬಂದರು. ಅಲ್ಲಿಂದ ಇದೇ ರೈಲಿನಲ್ಲಿ ಲಂಡನ್‌ಗೆ. ವಾರ ಬಿಟ್ಟು ಮತ್ತೆ ರೈಲಿನಲ್ಲಿ ಪ್ಯಾರಿಸ್‌ಗೆ ಹೋಗಿ ಅಲ್ಲಿಂದ ವಿಮಾನ ಹಿಡಿಯಬೇಕಿತ್ತು. ಟಿಕೆಟ್, ಹೋಟೆಲ್ ಎಲ್ಲ ಸರಿ ಇತ್ತು. ಆದರೆ ಊರಿನ ಏಜೆಂಟ್ ಷೆಂಗೆನ್ ವೀಸಾಗೆ ಸಿಂಗಲ್ ಎಂಟ್ರಿ ಕೇಳಿಬಿಟ್ಟಿದ್ದ. ಲಂಡನ್‌ಗೆ ಹೊರಟ ದಿನವೇ ಆ ಎಂಟ್ರಿ ಮುಗಿದಿತ್ತು! ವಾಪಸ್ ಹೋಗುವ ದಿನ ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್ ನಿಲ್ದಾಣದಲ್ಲಿ ಫ್ರೆಂಚ್ ಪೊಲೀಸರು ಪಾಸ್‌ಪೋರ್ಟ್ ನೋಡಿ, ಸೌಜನ್ಯದಿಂದಲೇ, ಆಗುವುದಿಲ್ಲ ಅಂದರು. ಚಿಕ್ಕಮ್ಮ ಅಲ್ಲೇ ಬೆಂಚಿನ ಮೇಲೆ ಕೂತು ಅತ್ತರು. ಲಂಡನ್‌ನಿಂದ ನೇರ ಬೆಂಗಳೂರಿಗೆ ಹೊಸ ಟಿಕೆಟ್ ಕೊಂಡಿದ್ದಕ್ಕೆ ಪ್ರವಾಸಕ್ಕಿಂತ ಹೆಚ್ಚು ದುಡ್ಡು ಹೋಯಿತು.

ನಿಮ್ಮ ಅಪ್ಪ ಅವ್ವ ಲಂಡನ್, ಪ್ಯಾರಿಸ್, ಮತ್ತೆ ಲಂಡನ್ ಅಂತ ಹೋಗುವುದರಿಂದ ಷೆಂಗೆನ್ ಒಂದೇ ಎಂಟ್ರಿ ಆದರೂ ನಡೆಯುತ್ತದೆ. ಆದರೆ ಬ್ರಿಟನ್ ವೀಸಾ ಮತ್ತೆ ಒಳಗೆ ಬರಲು ಬಿಡುವಂಥದ್ದಾ ಅಂತ ನೋಡಿ. ವೀಸಾದಲ್ಲೇ ಎಷ್ಟು ಎಂಟ್ರಿ ಅಂತ ನೋಡಿಕೊಳ್ಳಿ. ಏಜೆಂಟ್ ಬಾಯಿಮಾತು ನಂಬಬೇಡಿ.

ಕೇಶ್ವಾಪುರದ ಮಗಳು

ಅಯ್ಯೋ ದೇವರೇ. ನಾನು ಇಲ್ಲಿಗೆ ಬಂದ ಮೇಲೆ ಮಾಡಿಸೋಣ ಅಂತಲೇ ಇದ್ದೆ. ಇವತ್ತೇ ತಮ್ಮನಿಗೆ ಫೋನ್ ಮಾಡಿ ಬೆಂಗಳೂರಿನಲ್ಲಿ ದಿನಾಂಕ ಹಿಡಿಯಲು ಹೇಳಿದೆ. ಇಬ್ಬರಿಗೂ ದೊಡ್ಡ ನಮಸ್ಕಾರ. ಒಂದು ಅರ್ಥ ಆಗಲಿಲ್ಲ: ಫ್ರೆಂಚ್ ಪೊಲೀಸರು ಲಂಡನ್ನಿನಲ್ಲಿ ಯಾಕಿದ್ದಾರೆ?

ತುಂಗಾತೀರ

ಎರಡೂ ದೇಶಗಳ ಒಪ್ಪಂದ ಅದು. ಗಡಿ ತಪಾಸಣೆ ಹತ್ತುವ ಕಡೆಯೇ ಮುಗಿಯುತ್ತದೆ. ಲಂಡನ್ನಿನಲ್ಲಿ ಫ್ರೆಂಚ್ ಪೊಲೀಸರು ಪಾಸ್‌ಪೋರ್ಟ್ ಪರೀಕ್ಷಿಸುತ್ತಾರೆ, ಪ್ಯಾರಿಸ್ಸಿನಲ್ಲಿ ಫ್ರೆಂಚರು ನಿರ್ಗಮನ ನೋಡಿದ ನಾಲ್ಕು ಹೆಜ್ಜೆ ಆಚೆ ಬ್ರಿಟಿಷರು ಪ್ರವೇಶ ನೋಡುತ್ತಾರೆ. ಇಳಿದ ಕಡೆ ಪಾಸ್‌ಪೋರ್ಟ್ ಸಾಲು ಇಲ್ಲ, ನೇರ ರಸ್ತೆಗೆ ನಡೆಯಬಹುದು. ವಿಮಾನದಲ್ಲಿ ಸಿಗದ ಸುಖ ಇದು. ಆದರೆ ಅದರ ಬೆಲೆ ಹತ್ತುವ ಮುಂಚಿನ ಸಾಲಿನಲ್ಲಿ ಕಟ್ಟಬೇಕು. 2025ರ ಅಕ್ಟೋಬರ್ 12ರಿಂದ ಷೆಂಗೆನ್ ಗಡಿಗಳಲ್ಲಿ ಬೆರಳಚ್ಚು, ಮುಖದ ಫೋಟೊ ತೆಗೆದುಕೊಳ್ಳುವ ಹೊಸ ವ್ಯವಸ್ಥೆ ಹಂತಹಂತವಾಗಿ ಶುರುವಾಗಿದೆ. ನಮ್ಮಂಥವರಿಗೆ ಅದು ಅನ್ವಯ. ನಿಲ್ದಾಣಕ್ಕೆ ಬರಬೇಕು ಅಂತ ಟಿಕೆಟ್‌ನಲ್ಲಿ ಬರೆದ ಹೊತ್ತಿಗೆ ಹೋಗಿ, ಕೊನೇ ಗಳಿಗೆಯಲ್ಲಿ ಓಡಬೇಡಿ.

ಜಯನಗರ 4ನೇ ಬ್ಲಾಕ್

ನನ್ನದು ಬೇರೆ ಅಭಿಪ್ರಾಯ, ಬೇಸರ ಮಾಡಿಕೊಳ್ಳಬೇಡಿ. ನಾವು ಐದು ಜನ. ಶಾಲೆ ರಜೆಯಲ್ಲಿ ಈ ರೈಲಿನ ದರ ನೋಡಿ ಕೈಬಿಟ್ಟೆವು. ಕೊನೇ ವಾರದಲ್ಲಿ ಕೊಂಡರೆ ವಿಮಾನವೇ ಅಗ್ಗ. ನಾವು ಮಾಡಿದ್ದು ಇನ್ನೊಂದು: ಕಾರು ಹತ್ತಿಸುವ ಶಟಲ್ ರೈಲು. ಫೋಕ್‌ಸ್ಟನ್‌ನಲ್ಲಿ ಕಾರಿನ ಸಮೇತ ರೈಲಿನೊಳಗೆ ಹೋಗುತ್ತೀರಿ, ಅದೇ ಸುರಂಗ, 35 ನಿಮಿಷಕ್ಕೆ ಕ್ಯಾಲೆ ಹತ್ತಿರ ಫ್ರಾನ್ಸಿನಲ್ಲಿ ಇಳಿಯುತ್ತೀರಿ. ತಲೆಗಿಷ್ಟು ಅಂತಲ್ಲ, ಕಾರಿಗೆ ಇಷ್ಟು ಅಂತ ದರ. ಮಕ್ಕಳು, ಅಜ್ಜಿ, ಕುಕ್ಕರ್ ಎಲ್ಲ ಒಟ್ಟಿಗೆ ಹೋಗಬಹುದು. ಅವ್ವನ ಮೊಣಕಾಲಿಗೂ ಒಳ್ಳೆಯದು.

ಹಳಿ ಮೇಲಿನವ

ಜಯನಗರದವರೇ, ಐದು ಜನರ ಲೆಕ್ಕಕ್ಕೆ ನಿಮ್ಮ ಮಾತು ಪೂರ್ತಿ ಸರಿ. ಆದರೆ ಇವರ ತಂದೆ ಕೇಳಿದ್ದು ಪ್ಯಾರಿಸ್ ಅಲ್ಲ, ಗಾಡಿ. ಶಟಲ್‌ನಲ್ಲಿ ಗಂಟೆಗೆ 300 ಕಿ.ಮೀ. ವೇಗ ಎಲ್ಲಿ ಬರುತ್ತದೆ?

ಅಕ್ಕಾ, ನಿಮ್ಮ ತಂದೆ ಕೀಮನ್ ಅಂತ ಓದಿದ ಮೇಲೆ ಬರೆಯದೆ ಇರಲಾಗಲಿಲ್ಲ. ನಾನು ಅರಸೀಕೆರೆಯವನು, ನಮ್ಮ ತಾತ ಹಳಿ ದುರಸ್ತಿಯ ಗ್ಯಾಂಗಿನಲ್ಲಿದ್ದರು. ನಾನು ಸಿಗ್ನಲಿಂಗ್ ಕೆಲಸದಲ್ಲಿ ಎಂಟು ವರ್ಷದಿಂದ ಯುರೋಪಿನಲ್ಲಿದ್ದೇನೆ. ಇದನ್ನು ಅವರಿಗೆ ಓದಿ ಹೇಳಿ.

ಲಂಡನ್–ಪ್ಯಾರಿಸ್ ರೈಲು ದಾರಿ ಸುಮಾರು 490 ಕಿ.ಮೀ. ಬೆಂಗಳೂರಿನಿಂದ ಧಾರವಾಡಕ್ಕೂ ಹೆಚ್ಚುಕಡಿಮೆ ಅಷ್ಟೇ. 2023ರ ಜೂನ್‌ನಲ್ಲಿ ಶುರುವಾದ ಧಾರವಾಡ ವಂದೇ ಭಾರತ್ ಸುಮಾರು ಆರೂವರೆ ಗಂಟೆ ತೆಗೆದುಕೊಳ್ಳುತ್ತದೆ. ಇದು ಎರಡೂಕಾಲು ಗಂಟೆ ಚಿಲ್ಲರೆ. ಹಾಗಂತ ಹಳಿ ಅಗಲ ಇದೆಯಾ ಅಂದರೆ ಇಲ್ಲ. ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ., ಇಲ್ಲಿಯದು 1435. ವೇಗದ ಗುಟ್ಟು ಅಗಲದಲ್ಲಿಲ್ಲ, ದಾರಿಯಲ್ಲಿದೆ. ತಿರುವುಗಳನ್ನು ಕಿಲೋಮೀಟರುಗಟ್ಟಲೆ ತ್ರಿಜ್ಯದಲ್ಲಿ ಎಳೆದಿದ್ದಾರೆ. ಒಂದೇ ಒಂದು ಲೆವೆಲ್ ಕ್ರಾಸಿಂಗ್ ಇಲ್ಲ. ಎರಡೂ ಕಡೆ ಬೇಲಿ. ಹಳೇ ಹಳಿಯ ಗೂಡ್ಸ್ ಗಾಡಿಗಳ ಹಿಂದೆ ಕಾಯದಂತೆ ಬೇರೆ ದಾರಿ.

ಹಳಿಯ ತುಂಡುಗಳನ್ನು ಬೆಸೆದು ಒಂದೇ ಮಾಡಿದ್ದಾರೆ, ಫಿಶ್‌ಪ್ಲೇಟ್ ಸಿಗುವುದಿಲ್ಲ. ಆದ್ದರಿಂದ ಟಕ್–ಟಕ್ ಸದ್ದೂ ಇಲ್ಲ. ಸುರಂಗದೊಳಗೆ ಜಲ್ಲಿಯೂ ಇಲ್ಲ. ರಬ್ಬರ್ ಹೊದಿಕೆಯ ಕಾಂಕ್ರೀಟ್ ದಿಮ್ಮಿಗಳನ್ನು ನೆಲದ ಕಾಂಕ್ರೀಟಿನಲ್ಲಿ ಕೂರಿಸಿ ಅದರ ಮೇಲೆ ಹಳಿ ಬಿಗಿದಿದ್ದಾರೆ.

ಹಳಿ ಪಕ್ಕ ಬಣ್ಣದ ಸಿಗ್ನಲ್ ಕಂಬಗಳೂ ಇಲ್ಲ. ಗಂಟೆಗೆ 300 ಅಂದರೆ ಸೆಕೆಂಡಿಗೆ 83 ಮೀಟರ್. ಆ ವೇಗದಲ್ಲಿ ಕಂಬದ ದೀಪ ಓದಿ ನಂಬುವ ಹಾಗಿಲ್ಲ. ಹಳಿಯ ಮೂಲಕವೇ ಸಂಕೇತ ಹೋಗಿ ಚಾಲಕನ ಮುಂದಿನ ಫಲಕದಲ್ಲಿ ಎಷ್ಟು ವೇಗ ಅಂತ ಮೂಡುತ್ತದೆ. ಅವನು ಮೀರಿದರೆ ಗಾಡಿ ತಾನೇ ಬ್ರೇಕ್ ಹಾಕಿಕೊಳ್ಳುತ್ತದೆ. ನಿಮ್ಮ ತಂದೆಗೆ ಇದು ತಕ್ಷಣ ಅರ್ಥವಾಗುತ್ತದೆ: ಹಳಿ ಮುರಿದಾಗ ಅವರು 600 ಮೀಟರ್ ಆಚೆ ಕೆಂಪು ಬಾವುಟ ಕಟ್ಟಿ, 1200 ಮೀಟರ್ ಆಚೆ ಓಡಿ ಡಿಟೋನೇಟರ್ (ಚಕ್ರ ಹತ್ತಿದಾಗ ಸಿಡಿದು ಚಾಲಕನನ್ನು ಎಚ್ಚರಿಸುವ ಪಟಾಕಿ) ಇಡಬೇಕಿತ್ತಲ್ಲ? ಈ ಗಾಡಿ 300ರಲ್ಲಿದ್ದಾಗ ನಿಲ್ಲಲು ಮೂರು ಕಿಲೋಮೀಟರ್‌ಗೂ ಹೆಚ್ಚು ಬೇಕು. ಯಾವ ಕಾಲೂ ಅಷ್ಟು ದೂರ ಓಡಲಾರದು. ಅದಕ್ಕೇ ಹಳಿಗೇ ಬಾಯಿ ಕೊಟ್ಟರು.

ಇನ್ನೊಂದು, ನನಗೆ ತುಂಬಾ ಇಷ್ಟವಾದದ್ದು. ತಲೆಯ ಮೇಲಿನ ತಂತಿಯಲ್ಲಿ 25 ಸಾವಿರ ವೋಲ್ಟ್ ಎ.ಸಿ. ನಮ್ಮಲ್ಲೂ ಅದೇ. 1950ರ ದಶಕದ ಕೊನೆಯಲ್ಲಿ ಭಾರತೀಯ ರೈಲ್ವೆ ಈ ಪದ್ಧತಿಗೆ ಬಂದಾಗ ಸಲಹೆ ಕೊಟ್ಟಿದ್ದು ಫ್ರೆಂಚ್ ರೈಲ್ವೆಯವರು. ನಿಮ್ಮ ತಂದೆಗೆ ಆ ತಂತಿ ಅಪರಿಚಿತ ಅನ್ನಿಸಲಾರದು.

ಸುರಂಗದಲ್ಲಿ ಏನು ಕಾಣುತ್ತದೆ ಅಂದಿರಿ. ಏನೂ ಕಾಣುವುದಿಲ್ಲ, ಕತ್ತಲೆ. ವೇಗ 160ಕ್ಕೆ ಇಳಿಯುತ್ತದೆ, 20 ನಿಮಿಷದಷ್ಟು. ಅದರ ಸೊಗಸು ಕಣ್ಣಿಗಲ್ಲ, ತಿಳಿದು ಕೂತವರಿಗೆ.

ಮೈಸೂರಿನ ನಿವೃತ್ತ ಮೇಷ್ಟ್ರು

ಸುರಂಗದ ಬಗ್ಗೆ ತಿಳಿದು ಕೂರಬೇಕು ಅಂದರಲ್ಲ, ಅದಕ್ಕೆ ನನ್ನದೊಂದಿಷ್ಟು. ಚರಿತ್ರೆ ಪಾಠ ಹೇಳಿದವನು, ಉದ್ದವಾದರೆ ಸಹಿಸಿಕೊಳ್ಳಿ.

ಕಡಲಿನ ಕೆಳಗೆ ದಾರಿ ಎಂಬ ಯೋಚನೆ 1802ರಷ್ಟು ಹಳೆಯದು. ಆಲ್ಬೆರ್ ಮಾಥ್ಯೂ ಎಂಬ ಫ್ರೆಂಚ್ ಎಂಜಿನಿಯರ್ ಕುದುರೆಗಾಡಿಗಳು ಓಡುವ, ಎಣ್ಣೆದೀಪ ಉರಿಯುವ ಸುರಂಗದ ನಕ್ಷೆ ಬರೆದ. ಕುದುರೆ ಬದಲಿಸಲು ಕಡಲ ನಡುವೆ ಒಂದು ದ್ವೀಪ ಕಟ್ಟಬೇಕೆಂದೂ ಇತ್ತು. 1880ರ ದಶಕದ ಆರಂಭದಲ್ಲಿ ನಿಜವಾಗಿಯೇ ಎರಡೂ ದಡದಿಂದ ಅಗೆದರು. ಬ್ರಿಟನ್ನಿನ ಸೇನೆಗೆ ಭಯ ಹತ್ತಿತು, ಈ ದಾರಿಯಲ್ಲಿ ಶತ್ರು ಬಂದರೆ ಏನು ಗತಿ ಎಂದು. ಕೆಲಸ ನಿಂತಿತು. 1970ರ ದಶಕದಲ್ಲಿ ಮತ್ತೆ ಶುರುವಾಗಿ 1975ರಲ್ಲಿ ಹಣದ ಕಾರಣಕ್ಕೆ ಮತ್ತೆ ನಿಂತಿತು. ಕೊನೆಗೆ 1986ರಲ್ಲಿ ಒಪ್ಪಂದ, 1990ರ ಡಿಸೆಂಬರ್ 1ರಂದು ಎರಡು ಕಡೆಯ ಕೆಲಸಗಾರರು ಕಡಲ ಕೆಳಗೆ ಕೈ ಕುಲುಕಿದರು, 1994ರ ಮೇ 6ರಂದು ರಾಣಿ ಎಲಿಜಬೆತ್, ಫ್ರಾನ್ಸಿನ ಅಧ್ಯಕ್ಷ ಮಿತ್ತೆರಾಂ ಉದ್ಘಾಟಿಸಿದರು.

ಉದ್ದ 50 ಕಿ.ಮೀ. ಮೇಲೆ, ಅದರಲ್ಲಿ ಸುಮಾರು 38 ಕಿ.ಮೀ. ಕಡಲ ತಳದ ಕೆಳಗೆ. ಒಂದಲ್ಲ, ಮೂರು ಸುರಂಗ: ಹೋಗಲೊಂದು, ಬರಲೊಂದು, ನಡುವೆ ದುರಸ್ತಿಗೆ ಹಾಗೂ ಅಪಾಯದಲ್ಲಿ ಜನ ಹೊರಬರಲು ಒಂದು ಚಿಕ್ಕದು. 375 ಮೀಟರಿಗೊಂದು ಅಡ್ಡದಾರಿ. ಅಗೆಯಲು ಆರಿಸಿದ್ದು ಸುಣ್ಣಕಲ್ಲಿನ ಜೊತೆ ಜೇಡಿ ಬೆರೆತ ಒಂದು ಪದರ. ಮೆತ್ತಗೆ ಕೊರೆಯಬಹುದು, ನೀರು ಸುಲಭವಾಗಿ ಜಿನುಗದು. ಸುರಂಗ ಆ ಪದರದ ಬೆನ್ನು ಹತ್ತಿ ಏರಿಳಿಯುತ್ತ ಹೋಗುತ್ತದೆ. ಇಂಗ್ಲೆಂಡಿನ ಕಡೆ ತೆಗೆದ ಮಣ್ಣನ್ನು ಡೋವರ್ ಬಳಿ ಕಡಲಂಚಿಗೆ ತುಂಬಿ ಸ್ಯಾಂಫೈರ್ ಹೋ ಎಂಬ ಹೊಸ ನೆಲವನ್ನೇ ಮಾಡಿದ್ದಾರೆ, ಈಗ ಅಲ್ಲಿ ಜನ ನಡೆದಾಡುತ್ತಾರೆ. ಹತ್ತು ಕೆಲಸಗಾರರು ಈ ಕಾಮಗಾರಿಯಲ್ಲಿ ಸತ್ತರು. ತಂದೆಯವರಿಗೆ ಅದನ್ನೂ ಹೇಳಿ.

ಸುರಂಗದಾಚೆ ಫ್ರಾನ್ಸಿನ ಬಯಲು ನೋಡಲು ಸಪ್ಪೆ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಲೀಲ್‌ನಿಂದ ಆರಾಸ್ ದಾಟುವವರೆಗೆ ಅದು ಮೊದಲ ಮಹಾಯುದ್ಧದ ನೆಲ. 1993ರ ಡಿಸೆಂಬರ್ 21ರಂದು, ಫ್ರಾನ್ಸಿನ ಈ ವೇಗದ ಹಳಿ ಶುರುವಾದ ವರ್ಷವೇ, ಪಿಕಾರ್ಡಿಯಲ್ಲಿ ವೇಗದ ರೈಲೊಂದು 294 ಕಿ.ಮೀ. ವೇಗದಲ್ಲಿ ಹಳಿ ತಪ್ಪಿತು. ಜೋರು ಮಳೆಗೆ ಹಳಿಯ ಕೆಳಗಿನ ಮಣ್ಣು ಕುಸಿದಿತ್ತು. ಕೆಳಗೆ ಇದ್ದದ್ದು ಆ ಯುದ್ಧದ ಕಾಲದ ಕಂದಕ. ಯಾರೂ ಸಾಯಲಿಲ್ಲ, ಗಾಡಿ ಮಗುಚದೆ ನಿಂತಿತು. ಮಳೆಗಾಲದಲ್ಲಿ ರಾತ್ರಿ ಗಸ್ತು ತಿರುಗಿದವರಿಗೆ ಇದರ ಅರ್ಥ ನಾನು ಬಿಡಿಸಿ ಹೇಳಬೇಕಿಲ್ಲ. ಲೀಲ್‌ನ ಪಶ್ಚಿಮಕ್ಕೆ ಸ್ವಲ್ಪ ದೂರದಲ್ಲಿ ನವ್ ಶಾಪೆಲ್ ಎಂಬ ಊರಿದೆ. ಅಲ್ಲಿನ ಸ್ಮಾರಕದಲ್ಲಿ ಸಮಾಧಿಯೂ ಸಿಗದ 4,700ಕ್ಕೂ ಹೆಚ್ಚು ಭಾರತೀಯ ಸೈನಿಕರು, ಕೂಲಿಯಾಳುಗಳ ಹೆಸರುಗಳಿವೆ. ರೈಲಿನಿಂದ ಕಾಣದು. ಆ ಕಡೆ ಬಂದಾಗ ಒಂದು ಗಳಿಗೆ ನೆನೆದರೆ ಸಾಕು.

ಪ್ಯಾರಿಸ್‌ನಲ್ಲಿರುವ ಕುಡ್ಲದವಳು

ಮೇಷ್ಟ್ರೇ, ನಾನು ಈ ದಾರಿಯಲ್ಲಿ ಎಷ್ಟು ಸಲ ಹೋಗಿದ್ದೇನೋ, ಕಂದಕದ ಕತೆ ಗೊತ್ತಿರಲಿಲ್ಲ. ಇನ್ನು ಮೇಲೆ ಆ ಬಯಲಿನಲ್ಲಿ ನಿದ್ದೆ ಬರುವುದಿಲ್ಲ.

ಹುಬ್ಬಳ್ಳಿಯವರೇ, ಇಳಿಯುವ ಕಡೆಯ ವಿಷಯ ನಾನು ಹೇಳುತ್ತೇನೆ. ಗಾಡಿ ಬಂದು ನಿಲ್ಲುವುದು ಗಾರ್ ದ್ಯು ನೋರ್‌ನಲ್ಲಿ, ಅಂದರೆ ಉತ್ತರದ ನಿಲ್ದಾಣ. 1860ರ ದಶಕದ ಕಟ್ಟಡ, ಹಿಟೊರ್ಫ್ ಎಂಬವರು ಕಟ್ಟಿದ್ದು. ಹೊರಗೆ ಬಂದು ರಸ್ತೆ ದಾಟಿ, ಹಿಂದೆ ತಿರುಗಿ ನೋಡಿ ಮಾರಾಯ್ರೆ. ಮುಖದ ಮೇಲೆ 23 ಕಲ್ಲಿನ ಹೆಂಗಸರ ಪ್ರತಿಮೆ ಉಂಟು. ಒಬ್ಬೊಬ್ಬಳೂ ಒಂದೊಂದು ಊರು, ತುದಿಯಲ್ಲಿ ನಿಂತವಳು ಪ್ಯಾರಿಸ್, ಲಂಡನ್ನೂ ಇದ್ದಾಳೆ. ಫೋನು, ಪರ್ಸು ಮಾತ್ರ ಎದೆಗೆ ಹಿಡಿದುಕೊಳ್ಳಿ, ಆ ನಿಲ್ದಾಣದಲ್ಲಿ ಕಿಸೆಗಳ್ಳರು ಜಾಸ್ತಿ.

ಅಪ್ಪ ಅಮ್ಮನಿಗೆ ಅಲ್ಲಿಯ ಊಟ ಹಿಡಿಸುವುದು ಕಷ್ಟ. ನಿಲ್ದಾಣದ ಹಿಂಬದಿ ಲಾ ಶಾಪೆಲ್ ಕಡೆ ಹತ್ತು ನಿಮಿಷ ನಡೆದರೆ ಶ್ರೀಲಂಕಾ ತಮಿಳರ ಅಂಗಡಿ ಸಾಲು. ಇಡ್ಲಿ, ದೋಸೆ, ವಡೆ, ಕರಿಬೇವು, ಮಲ್ಲಿಗೆ ಹೂವು ಸಹ ಸಿಗುತ್ತದೆ. ನಾನು ಇಲ್ಲಿಗೆ ಬಂದ ಮೊದಲ ವರ್ಷ ಆ ಬೀದಿಯಲ್ಲಿ ಒಗ್ಗರಣೆ ವಾಸನೆಗೆ ಸುಮ್ಮನೆ ನಿಲ್ಲುತ್ತಿದ್ದೆ.

ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ, ನೆನಪಿರಲಿ. ಎರಡೂಕಾಲು ಗಂಟೆಯ ದಾರಿಗೆ ಮೂರೂಕಾಲು ಆದ ಹಾಗೆ ಕಾಣುತ್ತದೆ.

ದಾವಣಗೆರೆ ಬೆಣ್ಣೆ

ತಿಂಡಿ ವಿಷಯ ಯಾರೂ ಹೇಳಲಿಲ್ಲ. ರೈಲಿನಲ್ಲಿ ನಿಮ್ಮ ಬುತ್ತಿ ಬಿಚ್ಚಿ ತಿನ್ನಬಹುದು, ನೀರಿನ ಬಾಟಲಿಗೆ ವಿಮಾನದ ಹಾಗೆ ಮಿತಿ ಇಲ್ಲ. ಆದರೆ ಬ್ರಿಟನ್ ಯುರೋಪಿಯನ್ ಒಕ್ಕೂಟ ಬಿಟ್ಟ ಮೇಲೆ ಮಾಂಸ, ಹಾಲಿನ ಪದಾರ್ಥ ಫ್ರಾನ್ಸಿಗೆ ಒಯ್ಯುವ ಹಾಗಿಲ್ಲ. ಮೊಸರು, ತುಪ್ಪ, ಪನೀರ್ ಮನೆಯಲ್ಲೇ ಬಿಡಿ.

ಕೇಶ್ವಾಪುರದ ಮಗಳು

ಅವ್ವ ಪ್ಯಾರಿಸ್ಸಿನಲ್ಲಿರುವ ನನ್ನ ಗೆಳತಿಗೆ ಅಂತ ಎರಡು ಡಬ್ಬಿ ಧಾರವಾಡ ಪೇಡಾ ತರ್ತೀನಿ ಅಂತಿದ್ದಳು. ಅದು?

ತುಂಗಾತೀರ

ಪೇಡಾ ಅಂದರೆ ಹಾಲೇ ತಾನೆ. ಬಿಡುವುದು ಕ್ಷೇಮ. ಲಂಡನ್ನಿನಲ್ಲಿ ನಾವಿದ್ದೇವೆ, ತಿನ್ನುತ್ತೇವೆ. ಗೆಳತಿಗೆ ಶೇಂಗಾ ಚಟ್ನಿಪುಡಿ, ಕಡಕ್ ರೊಟ್ಟಿ ಕಟ್ಟಿಸಿ.

ಅವ್ವನ ನಡಿಗೆ: ಸೇಂಟ್ ಪ್ಯಾಂಕ್ರಾಸ್‌ನಲ್ಲಿ ಕಾಯುವ ಕೋಣೆ ಕೆಳಗೆ, ರೈಲು ಮೇಲೆ. ಏರಲು ಚಲಿಸುವ ಇಳಿಜಾರು ದಾರಿ ಇದೆ, ಲಿಫ್ಟೂ ಇದೆ. ಆದರೆ ಗಾಡಿಯ ಉದ್ದ 400 ಮೀಟರ್, 16 ಬೋಗಿ. ನಿಮ್ಮದು ತುದಿಯ ಬೋಗಿಯಾದರೆ ಆ ಉದ್ದವೆಲ್ಲ ನಡೆಯಬೇಕು. ಸೀಟು ಆರಿಸುವಾಗ ನಡುವಿನ ಬೋಗಿ ತೆಗೆದುಕೊಳ್ಳಿ, ಸೀಟಿಗೆ ಕಿಟಕಿ ಸರಿಯಾಗಿ ಬರುತ್ತದಾ ಅಂತಲೂ ನೋಡಿ. ಕೆಲವು ಸೀಟುಗಳ ಪಕ್ಕ ಕಿಟಕಿಯ ಬದಲು ಗೋಡೆ ಇರುತ್ತದೆ. ಅಪ್ಪನಿಗೆ ಅಂಥದ್ದು ಬೇಡ. ಗಾಲಿಕುರ್ಚಿ ನೆರವು ಬೇಕಿದ್ದರೆ ಮುಂಚೆಯೇ ಕೇಳಿ.

ಆ ಕಾಯುವ ಕೋಣೆ ಹಿಂದೆ ಬಿಯರ್ ಪೀಪಾಯಿಗಳ ನೆಲಮಾಳಿಗೆ. ಬರ್ಟನ್ ಊರಿಂದ ರೈಲಿನಲ್ಲಿ ಬಂದ ಪೀಪಾಯಿಗಳು ಸರಿಯಾಗಿ ಕೂರುವ ಲೆಕ್ಕಕ್ಕೇ ಅಲ್ಲಿನ ಕಬ್ಬಿಣದ ಕಂಬಗಳ ಅಂತರ ಇಟ್ಟಿದ್ದರಂತೆ. ಮೇಲೆ 1868ರ ಒಂದೇ ಕಮಾನಿನ ಚಾವಣಿ, 73 ಮೀಟರ್ ಅಗಲ, ನಡುವೆ ಒಂದೂ ಕಂಬ ಇಲ್ಲ. ಅಪ್ಪನನ್ನು ಅರ್ಧ ಗಂಟೆ ಮುಂಚೆಯೇ ಕರೆದೊಯ್ದು ಮೇಲಿನ ಅಂತಸ್ತಿನಲ್ಲಿ ನಿಲ್ಲಿಸಿ.

ಹಳಿ ಮೇಲಿನವ

ಒಂದು ಸೇರಿಸುತ್ತೇನೆ. 1994ರ ನವೆಂಬರ್ 14ರಂದು ಈ ಸೇವೆ ಶುರುವಾದಾಗ ಗಾಡಿ ಹೊರಡುತ್ತಿದ್ದದ್ದು ವಾಟರ್‌ಲೂ ನಿಲ್ದಾಣದಿಂದ. ಫ್ರಾನ್ಸಿನಲ್ಲಿ 300ರಲ್ಲಿ ಬಂದು, ಕೆಂಟ್ ಜಿಲ್ಲೆಯ ಹಳೇ ಹಳಿಯ ಮೇಲೆ ಲೋಕಲ್ ಗಾಡಿಗಳ ನಡುವೆ ಕುಂಟಬೇಕಿತ್ತು. ಒಟ್ಟು ಮೂರು ಗಂಟೆ. ಹೊಸ ಮಾರ್ಗದ ಮೊದಲ ಭಾಗ 2003ರಲ್ಲಿ, ಎರಡನೆಯದು 2007ರಲ್ಲಿ ಬಂತು. 2007ರ ನವೆಂಬರ್ 14ರಿಂದ ಸೇಂಟ್ ಪ್ಯಾಂಕ್ರಾಸ್. ಸುರಂಗ ಒಂದಿದ್ದರೆ ಸಾಲದು, ಎರಡೂ ಕಡೆ ಹಳಿ ಬೇಕು ಅನ್ನುವುದನ್ನು ಅರ್ಥ ಮಾಡಿಕೊಳ್ಳಲು ಬ್ರಿಟನ್ನಿಗೆ 13 ವರ್ಷ ಹಿಡಿಯಿತು. ನಮ್ಮೂರಿನಲ್ಲಿ ಹೊಸ ಗಾಡಿ ಬಿಟ್ಟಾಗಲೆಲ್ಲ ನನಗೆ ಇದು ನೆನಪಾಗುತ್ತದೆ: ಬೋಗಿಗೆ ಬಣ್ಣ ಹೊಡೆದಷ್ಟು ಆಸ್ಥೆಯಿಂದ ಹಳಿ ನೇರ ಮಾಡುವ ಕೆಲಸಕ್ಕೆ ಹಣ ಕೊಡಬೇಕು.

ಮೈಸೂರಿನ ನಿವೃತ್ತ ಮೇಷ್ಟ್ರು

ನವೆಂಬರ್ 14 ಎಂದಿರಿ. 2015ರ ಅದೇ ದಿನ ಲಂಡನ್ನಿನ ಥೇಮ್ಸ್ ದಡದಲ್ಲಿ ಬಸವಣ್ಣನವರ ಪ್ರತಿಮೆಯ ಅನಾವರಣವಾಯಿತು. ಹಳೆಯ ವಾಟರ್‌ಲೂ ನಿಲ್ದಾಣದಿಂದ ನಡೆದು ಹೋಗಬಹುದಾದ ದೂರ. ಕೇಶ್ವಾಪುರದವರ ಅವ್ವನ ಪಟ್ಟಿಯಲ್ಲಿ ಸೇರಿಸಿ.

ರಾಯಚೂರು ಬಿಸಿಲು

ಮಧ್ಯೆ ಬಂದೆ, ಕ್ಷಮಿಸಿ. ನಮಗೆ ಷೆಂಗೆನ್ ಮಾತ್ರ ಇದೆ, ಬ್ರಿಟನ್ ವೀಸಾ ಇಲ್ಲ. ಇಂಥ ರೈಲು ಹತ್ತುವ ಆಸೆ ಇದೆ. ದಾರಿ ಇದೆಯಾ?

ಪ್ಯಾರಿಸ್‌ನಲ್ಲಿರುವ ಕುಡ್ಲದವಳು

ಖಂಡಿತ ಉಂಟು. ಪ್ಯಾರಿಸ್‌ನಿಂದ ಬ್ರಸೆಲ್ಸ್‌ಗೆ ಹೋಗಿ, ಅದೂ ರಾಜಧಾನಿಯೇ. ಮೊದಲು ಥಾಲಿಸ್ ಅಂತಿದ್ದ ಕೆಂಪು ಗಾಡಿಗಳು ಈಗ ಯೂರೋಸ್ಟಾರ್ ಹೆಸರಿನಲ್ಲೇ ಓಡುತ್ತವೆ. ಒಂದೂವರೆ ಗಂಟೆಯೂ ಇಲ್ಲ. ಎರಡೂ ಷೆಂಗೆನ್ ಒಳಗೇ, ಪಾಸ್‌ಪೋರ್ಟ್ ಸಾಲಿಲ್ಲ. ಆದರೆ ಪಾಸ್‌ಪೋರ್ಟ್ ಕೈಯಲ್ಲಿರಲಿ. ಕಡಲ ಸುರಂಗ ಸಿಗುವುದಿಲ್ಲ, ವೇಗ ಸಿಗುತ್ತದೆ.

ಕೇಶ್ವಾಪುರದ ಮಗಳು (ಮೂರು ತಿಂಗಳ ನಂತರ)

ಹೋಗಿ ಬಂದೆವು. ಬರೆಯುತ್ತೇನೆ ಅಂದಿದ್ದೆ, ಬರೆಯುತ್ತಿದ್ದೇನೆ.

ಷೆಂಗೆನ್ ವೀಸಾ ಅವರು ಹೊರಡುವ ಒಂಬತ್ತು ದಿನ ಮುಂಚೆ ಕೈಗೆ ಬಂತು. ತುಂಗಾತೀರ ಅಣ್ಣ ಹೇಳದೆ ಇದ್ದಿದ್ದರೆ ಈ ಪ್ರವಾಸವೇ ಇರುತ್ತಿರಲಿಲ್ಲ. ಸೇಂಟ್ ಪ್ಯಾಂಕ್ರಾಸ್‌ಗೆ ಎರಡು ತಾಸು ಮುಂಚೆ ಹೋದೆವು. ಅಪ್ಪ ಮೇಲಿನ ಅಂತಸ್ತಿನಲ್ಲಿ ಕಮಾನು ನೋಡಲೇ ಇಲ್ಲ! ಕಟಕಟೆ ಹಿಡಿದು ಬಗ್ಗಿ ಹಳಿ ನೋಡಿದರು. "ಸಣ್ಣ ಐತಿ. ಸಣ್ಣ ಗೇಜಿನ ಮ್ಯಾಲೆ ಇಷ್ಟು ದೊಡ್ಡ ಗಾಡಿ" ಅಂತ ಮೂರು ಸಲ ಅಂದರು. 1676, 1435 ಅಂತ ಹಳಿ ಮೇಲಿನವರು ಬರೆದಿದ್ದನ್ನು ಓದಿ ಹೇಳಿದೆ. 1676 ನನಗ ಹೇಳಬ್ಯಾಡ ಅಂದರು.

ಹೊರಟ ಮೇಲೆ ಲಂಡನ್ ದಾಟುವ ತನಕ ಹೆಚ್ಚೆಲ್ಲ ಸುರಂಗವೇ. ಅವ್ವ ಇದೇ ಸಮುದ್ರ ಅಂದುಕೊಂಡಳು. ಆಮೇಲೆ ಕೆಂಟ್‌ನ ಹಸಿರು. ಅರ್ಧ ಗಂಟೆ ಚಿಲ್ಲರೆಗೆ ನಿಜವಾದ ಸುರಂಗ ಬಂತು. ಕಿವಿ ಸ್ವಲ್ಪ ಕಟ್ಟಿದಂತಾಯಿತು, ಅವ್ವನಿಗೆ ಕರದಂಟು ಬಾಯಿಗೆ ಕೊಟ್ಟೆ, ಅಗಿಯುತ್ತಾ ಸರಿಹೋಯಿತು. ಅಪ್ಪ ಕೈಗಡಿಯಾರ ಬಿಚ್ಚಿ ಮುಂದಿನ ಟ್ರೇ ಮೇಲಿಟ್ಟರು. ಒಂದು ಮಾತಿಲ್ಲ. ಬೆಳಕು ಬಂದಾಗ "ಇಪ್ಪತ್ತೊಂದು ಮಿನಿಟು" ಅಂದರು. ನಂತರ ಕೇಳಿದರು, "ಹತ್ತು ಮಂದಿ ಅಂದಿಯಲ್ಲ, ಅವರ ಹೆಸರು ಎಲ್ಲಾದರೂ ಬರದಾರೇನು?" ನನ್ನಲ್ಲಿ ಉತ್ತರ ಇರಲಿಲ್ಲ.

ಫ್ರಾನ್ಸಿನಲ್ಲಿ ವೇಗ ಹಿಡಿದಾಗ ನಾನು ಫೋನಿನಲ್ಲಿ 296, 298, 300 ತೋರಿಸುತ್ತಿದ್ದೆ. ಅಪ್ಪ ಕಣ್ಣು ಮುಚ್ಚಿ ಪಾದ ನೆಲಕ್ಕೆ ಒತ್ತಿ ಕೂತಿದ್ದರು. ನಿದ್ದೆ ಅಂದುಕೊಂಡೆ. ಇಲ್ಲ, ಜೋಡಣೆಯ ಸದ್ದು ಹುಡುಕುತ್ತಿದ್ದರು. "ಒಂದೂ ಇಲ್ಲ" ಅಂದರು. ಆಮೇಲೆ ಅವ್ವ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿದಳು. ಪಕ್ಕದ ಸಾಲಿನ ಫ್ರೆಂಚ್ ಅಜ್ಜಿಗೂ ಕೊಟ್ಟಳು, ಅವರು ಕಟಕಟ ಕಡಿದು ಇನ್ನೊಂದು ಕೇಳಿದರು. ಎದುರಿನ ಹಳಿಯ ಗಾಡಿ ಯಾವ ಕಡೆಯಿಂದ ಬರುತ್ತದೆ ಅಂತಲೂ ಅಪ್ಪ ಗಮನಿಸಿದ್ದರು. ಫ್ರಾನ್ಸಿನಲ್ಲಿ ಕಾರು ಬಲಕ್ಕೆ ಓಡುತ್ತದೆ, ರೈಲು ನಮ್ಮ ಹಾಗೆ ಎಡಕ್ಕೇ.

ಕುಡ್ಲದ ಅಕ್ಕ ಹೇಳಿದ ಹಾಗೆ ರಸ್ತೆ ದಾಟಿ ಪ್ರತಿಮೆ ನೋಡಿದೆವು, ಲಾ ಶಾಪೆಲ್‌ನಲ್ಲಿ ಇಡ್ಲಿ ತಿಂದೆವು. ಅವ್ವ ಮಲ್ಲಿಗೆ ಮುಡಿದುಕೊಂಡು ಐಫೆಲ್ ಗೋಪುರದ ಮುಂದೆ ನಿಂತ ಫೋಟೊ ಊರೆಲ್ಲ ತಿರುಗಿದೆ. ವಾಪಸ್ ಬಂದ ಮರುದಿನ ಬಸವಣ್ಣನವರ ಹತ್ತಿರವೂ ಹೋದೆವು, ಮೇಷ್ಟ್ರೇ.

ಹಳಿ ಮೇಲಿನವರಿಗೆ ಅಪ್ಪನ ಪ್ರಶ್ನೆ ಒಂದಿದೆ. ಹುಬ್ಬಳ್ಳಿಗೆ ಹೋದ ಮೇಲೂ ಫೋನಿನಲ್ಲಿ ಎರಡು ಸಲ ಕೇಳಿದರು: "ಅಷ್ಟು ಹಳಿ ಬೇಲಿ ಒಳಗೈತಿ, ಹಗಲು ಒಬ್ಬನೂ ಕಾಣಲಿಲ್ಲ. ನೋಡವ್ರು ಯಾರು?"

ಹಳಿ ಮೇಲಿನವ

ಸರಿಯಾದ ಪ್ರಶ್ನೆ. ಹಗಲು ಗಾಡಿ ಓಡುವಾಗ ಆ ಹಳಿಗೆ ಯಾರೂ ಇಳಿಯುವ ಹಾಗಿಲ್ಲ. ರಾತ್ರಿ ಕೊನೇ ಗಾಡಿ ಹೋದ ಮೇಲೆ ಗ್ಯಾಂಗಿನವರು ದೀಪ ಹಿಡಿದು ಇಳಿಯುತ್ತಾರೆ. ಅಳತೆ ಮಾಡುವ ರೈಲೊಂದು ಆಗಾಗ ಅದೇ ವೇಗದಲ್ಲಿ ಓಡಿ ಹಳಿಯ ಏರುಪೇರು ಬರೆದುಕೊಳ್ಳುತ್ತದೆ. ಮತ್ತೆ ಫ್ರಾನ್ಸಿನ ವೇಗದ ಮಾರ್ಗಗಳಲ್ಲಿ ಬೆಳಗ್ಗೆ ಜನರನ್ನು 300ರಲ್ಲಿ ಬಿಡುವ ಮುಂಚೆ ಪ್ರಯಾಣಿಕರಿಲ್ಲದ ಗಾಡಿಯೊಂದು ವೇಗ ತಗ್ಗಿಸಿಕೊಂಡು ದಾರಿ ನೋಡಿಕೊಂಡು ಹೋಗುತ್ತದೆ. ಅದು ಸರಿ ಇದೆ ಅಂದ ಮೇಲೆಯೇ ಮೊದಲ ಪ್ರಯಾಣಿಕ ಹತ್ತುವುದು.

ನಿಮ್ಮ ತಂದೆಗೆ ಹೇಳಿ, ಆ ಗಾಡಿಯನ್ನು ಇಲ್ಲಿ ಪೊರಕೆ ರೈಲು ಅಂತ ಕರೆಯುತ್ತಾರೆ. ಅವರ ನಂಬರ್ ಖಾಸಗಿಯಾಗಿ ಕಳಿಸಿ ಅಕ್ಕಾ, ಭಾನುವಾರ ನಾನೇ ಫೋನ್ ಮಾಡುತ್ತೇನೆ. ಮುಗದ ಕಡೆಯ ಮಳೆಗಾಲದ ಬಗ್ಗೆ ನನಗೂ ಕೇಳುವುದಿದೆ.